ಮಲ್ಲಕ್ಕ ಎಲೆಕ್ಷನ್ನಿಗೆ ನಿಂತದ್ದು

ಮಲ್ಲಕ್ಕನವರನ್ನು ನಾನು ಮೊದಲು ಕಂಡದ್ದು ಜಗಳ ಮಾಡಲು ಹೋದಾಗ. ಅದು 2005ರ ಏಪ್ರಿಲ್, ನಾವು ಗಲ್ಫಿನಲ್ಲಿದ್ದ ಕಾಲ. ನಮ್ಮ ಮಗ ಲಕ್ಷಿತ್ ಆಗ ಎರಡನೇ ಕ್ಲಾಸು. ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಡ್ರೈವರ್ ಉಮರಬ್ಬ ಫೋನು ಮಾಡಿದ. ಖುರುಮ್‌ನ ನನ್ನ ಆಫೀಸಿನಿಂದ ಟ್ಯಾಕ್ಸಿ ಹಿಡಿದು ಓಡಿದೆ. ಶಾಲೆಯ ಗೇಟಿಗೆ ಚಿಲಕ ಬಿದ್ದಿತ್ತು. ಹೊರಗೆ ಒಂದು ನರಪಿಳ್ಳೆ ಇರಲಿಲ್ಲ. ಯಾರೋ ಹೆಂಗಸು ಮಕ್ಕಳನ್ನೆಲ್ಲ ಕರೆದುಕೊಂಡು ಹೋದರೆಂದು ವಾಚ್‌ಮನ್ ಎದುರಿನ ಕಟ್ಟಡ ತೋರಿಸಿದ. ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ.

ಮೂರನೇ ಮಹಡಿಯಲ್ಲಿ ಬಾಗಿಲು ತೆರೆದೇ ಇತ್ತು. ಅಲ್ ಅಜೈಬಾದ ಅರ್ಧ ಶಾಲೆಯೇ ನೆಲದ ಮೇಲೆ ಪಂಕ್ತಿಗೆ ಕುಳಿತಂತಿತ್ತು. ನನ್ನ ಮಗ ಬಾಯಿ ತುಂಬ ರೊಟ್ಟಿ, ಶೇಂಗಾ ಚಟ್ನಿ ತುಂಬಿಕೊಂಡಿದ್ದ. ಮನೆಯಲ್ಲಿ ಇದೇ ಹುಡುಗ ದೋಸೆಯ ಅಂಚು ಕೂಡ ಬಿಟ್ಟು ಏಳುತ್ತಾನೆ.

"ಕೇಳದೆ ಮಕ್ಕಳನ್ನು ಕರ್ಕೊಂಡು ಬರುದಾ ಅಕ್ಕ? ನನ್ನ ಜೀವ ಹೋಗಿ ಬಂತು" ಎಂದು ಹಾರಾಡಿದೆ.

"ಬಿಸಲಾಗ ನಿಲ್ಲಿಸಿ ನಿಮ್ಮನ್ನ ಹುಡುಕ್ಕೋತ ಬರಬೇಕಿತ್ತೇನ್ರಿ?" ಎಂದು ಅವರು ಮಜ್ಜಿಗೆ ಲೋಟ ನನ್ನ ಕೈಗಿಟ್ಟರು. "ಒದರೋದ ಆಮ್ಯಾಲ ಒದರ್ರಿ. ಮೊದಲ ಇದನ್ನ ಕುಡೀರಿ."

ಕುಡಿದೆ. ಕುಡಿದ ಮೇಲೆ ಒದರಲು ಏನೂ ಉಳಿಯಲಿಲ್ಲ. ಬೆಲ್ಲು ಹೊಡೆದ ಮೇಲೆ ಮಕ್ಕಳನ್ನು ಹೊರಗೆ ಹಾಕಿ ಗೇಟು ಮುಚ್ಚುವುದು ಆ ಶಾಲೆಯ ಪದ್ಧತಿ. ಒಳಗೆ ಮರವಿದೆ, ಜಗಲಿಯಿದೆ, ನೀರಿದೆ. ಹೊರಗೆ ಡಾಂಬರು. ನಾವೆಲ್ಲ ಅದನ್ನು ವರ್ಷಗಟ್ಟಲೆ ನೋಡಿದ್ದೆವು, ಯಾರೂ ತುಟಿಪಿಟಕ್ಕೆಂದಿರಲಿಲ್ಲ.

ಮರುದಿನ ಶಾಲೆಯವರು ಮಲ್ಲಕ್ಕನವರನ್ನೇ ಕರೆಸಿ ಗದರಿದರು. ಪರರ ಮಕ್ಕಳನ್ನು ಮನೆಗೆ ಒಯ್ಯುವ ಹಾಗಿಲ್ಲ, ಗೇಟು ಮುಚ್ಚುವುದು ಆಡಳಿತ ಸಮಿತಿಯ ನಿಯಮ ಎಂದರು. "ಹಂಗಾದ್ರ ನಾನ ಆ ಸಮಿತ್ಯಾಗ ಕುಂತ ನಿಯಮ ಬದಲಿಸ್ತೀನಿ" ಎಂದು ಹೇಳಿ ಬಂದರು. ಮೇ ತಿಂಗಳಲ್ಲಿ ಪೋಷಕರ ಚುನಾವಣೆಯಿತ್ತು. ಗದಗದ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದ ಹೆಂಗಸು. ಆಡಿದರೆ ಮುಗಿಯಿತು. ಮೂರು ದಿನದೊಳಗೆ ನಾಮಪತ್ರ ಸಲ್ಲಿಸಿದರು. ಅವರ ರೊಟ್ಟಿ ತಿಂದ ಋಣಕ್ಕೆ ಲಕ್ಷಿತ್‌ನ ಅಪ್ಪನಾದ ನಾನು ಏಜೆಂಟ್ ಆದೆ.

ಎದ್ದ ಮೊದಲ ವಿರೋಧ ಮನೆಯೊಳಗಿನದು. ಗಂಡ ಬಸಯ್ಯನವರು ಏಸಿ ಟೆಕ್ನಿಷಿಯನ್. ಅವರಷ್ಟು ಮೆತ್ತಗಿನ ಮನುಷ್ಯನನ್ನು ನಾನು ಕಂಡಿಲ್ಲ. ಅವರ ಕಂಪನಿಯ ಮ್ಯಾನೇಜರೂ ಅದೇ ಸಮಿತಿಗೆ ನಿಂತಿದ್ದರು.

"ನಿನಗ ಯಾಕ ಬೇಕಿತ್ತ ಈ ಉಸಾಬರಿ?" ಎಂದು ಬಸಯ್ಯ ನನ್ನೆದುರೇ ಗೋಳಾಡಿದರು. "ಮ್ಯಾನೇಜರ್ ಸಾಹೇಬ್ರು ವೀಸಾ ಕೊಟ್ಟ ಕಫೀಲ್ ಕಿವ್ಯಾಗ ಒಂದ ಮಾತ ಹಾಕಿದ್ರ ನನ್ನ ಕೆಲಸ ಖಲಾಸ್. ಕೂಸಿನ್ನ ಕರಕೊಂಡು ಊರಿಗೆ ಹೋಗೋದ."

"ನಿಮ್ಮನ್ನ ನಾ ಓಟ ಕೇಳಿಲ್ಲ. ಸುಮ್ನ ಕುಂದರ್ರಿ" ಎಂದರು ಮಲ್ಲಕ್ಕ. ಆ ಮಾತು ಆಡಿದ ಅವರಿಗೂ ನೋವು ಕೊಟ್ಟಿತು ಎಂಬುದು ಮುಖದಲ್ಲೇ ಕಂಡಿತು.

ಅವರ ಪ್ರಚಾರ ನೋಡಿ ನನಗೆ ತಲೆ ಕೆಟ್ಟಿತು. ಒಂದು ಮನೆಗೆ ಒಂದೇ ಓಟು. ಅದು ಶಾಲೆಯ ದಾಖಲೆಯಲ್ಲಿ ಹೆಸರಿದ್ದ ಅಪ್ಪನದು. ಹೆಂಗಸರು ಚುನಾವಣೆಗೆ ನಿಲ್ಲಬಹುದು, ಓಟು ಹಾಕುವ ಹಾಗಿಲ್ಲ. ಯಾವ ಮಹಾನುಭಾವ ಮಾಡಿದ ನಿಯಮವೋ! ಈಕೆ ಹೋದದ್ದು ಬೆಳಗ್ಗೆ, ಗಂಡಸರೆಲ್ಲ ಆಫೀಸಿಗೆ ಹೋದ ಹೊತ್ತಿಗೆ. ಹೋದಲ್ಲಿ ಓಟು ಕೇಳುವುದೂ ಇಲ್ಲ. "ನಿನಗೆ ತಡವಾದರೆ ಮಗುವನ್ನು ಯಾರ ಮನೆಯಲ್ಲಿ ಬಿಡುತ್ತೀ?" ಎಂದು ತಮ್ಮ ಹರುಕುಮುರುಕು ಹಿಂದಿಯಲ್ಲಿ ಕೇಳುವುದು. ಯಾರೂ ಇಲ್ಲವೆಂದರೆ ಪಕ್ಕದ ಬಾಗಿಲು ತಟ್ಟಿ ಇಬ್ಬರನ್ನೂ ಎದುರುಬದುರು ಕೂರಿಸುವುದು. ಮಂಗಳೂರಿನ ಒಲಿಂಡಾ, ಉಳ್ಳಾಲದ ಬೀಫಾತುಮ್ಮ ನಾಲ್ಕು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದವರು. ಮುಖ ನೋಡಿ ಮಾತಾಡಿದ್ದು ಮಲ್ಲಕ್ಕ ಬಂದ ಮೇಲೆ. ಆಮೇಲೆ ನರ್ಸ್ ಒಲಿಂಡಾಗೆ ಡ್ಯೂಟಿ ಬಿದ್ದಾಗೆಲ್ಲ ಅವಳ ಮಗಳು ಬೀಫಾತುಮ್ಮನ ಮನೆಯಲ್ಲೇ ಉಂಡು ಮಲಗುತ್ತಿದ್ದಳು. ಅಧಿಕಪ್ರಸಂಗವೂ ಇತ್ತೆನ್ನಿ. ಸಾರಿಗೆ ಇಷ್ಟು ತೆಂಗಿನಕಾಯಿ ಸುರಿದರೆ ಮಗುವಿನ ಕೆಮ್ಮು ಹೋಗುವುದಿಲ್ಲ ಎಂದು ನನ್ನ ಹೆಂಡತಿ ಅಪ್ಪಿಗೇ ಉಪದೇಶ ಮಾಡಿದರು. ಅಪ್ಪಿ ಎರಡು ದಿನ ಅವರ ಹೆಸರೆತ್ತಲು ಬಿಡಲಿಲ್ಲ.

"ಓಟಿಲ್ಲದವರ ಹತ್ರವೇ ಹೋಗ್ತಿದ್ದೀರಲ್ಲ ಮಾರಾಯ್ರೆ?" ಎಂದೆ.

"ಗಂಡಸರನ್ನ ಕೇಳವ್ರು ಅವರ ಮನ್ಯಾಗ ಅದಾರ. ನೀವು ಚಿಂತಿ ಮಾಡಬ್ಯಾಡ್ರಿ" ಎಂದರು.

ಮತದಾನ ಶುಕ್ರವಾರ, ಜುಮ್ಮಾ ನಮಾಜು ಮುಗಿದ ಮೇಲೆ. ಗಂಡಸರ ಜೊತೆ ಹೆಂಡಿರು, ಮಕ್ಕಳು ಎಲ್ಲರೂ ಬಂದಿದ್ದರು. ಹೆಂಡಿರು ಜೊತೆಗಿದ್ದರೆ ಓಟು ನಮಗೇ ಎಂಬ ನಮ್ಮ ಲೆಕ್ಕ ತಪ್ಪಿದ್ದೇ ಅಲ್ಲಿ. ಓಟಿದ್ದವರಿಗೆ ಮಾತ್ರ ಪ್ರವೇಶ ಎಂದು ಗಂಡಸರನ್ನಷ್ಟೇ ಒಳಗೆ ಬಿಟ್ಟು ವಾಚ್‌ಮನ್ ಗೇಟು ಮುಚ್ಚಿದ. ಮೇ ತಿಂಗಳ ಬಿಸಿಲಲ್ಲಿ ಹೆಂಗಸರು ಸೆರಗು ದುಪಟ್ಟಾಗಳನ್ನು ಮಕ್ಕಳ ತಲೆಗೆ ಹೊದಿಸಿ ನಿಂತರು. ಒಳಗೆ ಜಗಲಿಯ ನೆರಳಲ್ಲಿ ನಾವು ಸಾಲು ನಿಂತಿದ್ದೆವು. ಬೀಫಾತುಮ್ಮನ ಕೈಗೂಸು ಕಿರುಚತೊಡಗಿತು. ಅಭ್ಯರ್ಥಿಗಳಿಗೆ ಏಸಿ ಹಾಲ್‌ನಲ್ಲಿ ಕುರ್ಚಿಯಿತ್ತು. ಮಲ್ಲಕ್ಕ ಎದ್ದು ಬಂದು ಗೇಟು ತೆಗೆಯಿರಿ ಎಂದರು. ಚುನಾವಣಾ ಅಧಿಕಾರಿ ಒಪ್ಪಲಿಲ್ಲ. ಮ್ಯಾನೇಜರು, "ನಿಯಮ ಅಂದ್ರೆ ನಿಯಮ ಮೇಡಂ" ಎಂದು ಹಿಂದಿಯಲ್ಲಿ ಹೇಳಿ ನಕ್ಕರು.

"ಹಂಗಾದ್ರ ನಾನೂ ಹೊರಗ" ಎಂದು ಮಲ್ಲಕ್ಕ ಹೋಗಿ ಬಿಸಿಲಲ್ಲಿ ನಿಂತು ಆ ಕೂಸನ್ನು ಎತ್ತಿಕೊಂಡರು. ಹಿಂದೆ ಗೇಟು ಮುಚ್ಚಿತು.

ಯಾರೂ ಕದಲಲಿಲ್ಲ. ನಾನೂ ಕದಲಲಿಲ್ಲ, ಅಧಿಕಾರಿಗೆ ಏನು ಹೇಳಬೇಕೆಂದು ಇಂಗ್ಲಿಷಿನಲ್ಲಿ ಜೋಡಿಸುತ್ತಿದ್ದೆ. ಆಗ ಸಾಲಿನಿಂದ ಬಸಯ್ಯನವರು ಹೊರಬಿದ್ದರು. ಮ್ಯಾನೇಜರ ಮುಂದೆಯೇ ನಡೆದುಹೋಗಿ, ವಾಚ್‌ಮನ್‌ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಚಿಲಕ ಎಳೆದರು.

"ಬಸಯ್ಯ, ಕ್ಯಾ ಕರ್ ರಹೇ ಹೋ?" ಎಂದರು ಮ್ಯಾನೇಜರು.

"ನಮ್ಮ ಮನಿಯವ್ರು ಹೊರಗ ಅದಾರ್ರೀ ಸರ್" ಎಂದರು ಬಸಯ್ಯ. ಹಿಂದಿ ಬರುತ್ತಿತ್ತು ಅವರಿಗೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಗದಗದ ಕನ್ನಡ.

ಹೆಂಗಸರು ಮಕ್ಕಳು ನುಗ್ಗಿ ಬಂದರು. ಮತ್ತೆ ಮುಚ್ಚಲು ಬಂದವರಿಗೆ ಬಸಯ್ಯ ಅಡ್ಡ ನಿಂತರು. ಆಮೇಲಾಮೇಲೆ ಇನ್ನೂ ಹತ್ತಾರು ಅಪ್ಪಂದಿರು, ಸಾಲಿನಲ್ಲಿ ತಮ್ಮ ಸರದಿ ಬರುವವರೆಗೆ, ಹೋಗಿ ಅವರ ಪಕ್ಕ ನಿಂತರು. ಹೋಗಿ ನೀರು ತಂದವರೂ ಇದ್ದರು. ಮತದಾನ ಮುಗಿಯುವವರೆಗೆ ಆ ಗೇಟು ತೆರೆದೇ ಇತ್ತು.

ಸಂಜೆ ಎಣಿಕೆಯಾಯಿತು. ಗೆದ್ದವರಲ್ಲಿ ಮಲ್ಲಕ್ಕ ಕೊನೆಯವರು. ಕೊನೆಯವರಾದರೂ ಗೆದ್ದವರು. ಬೀಫಾತುಮ್ಮ ಶಿಳ್ಳೆ ಹಾಕಿದ್ದನ್ನು ನಾನೇ ಕೇಳಿದೆ. ಮ್ಯಾನೇಜರೂ ಗೆದ್ದರು, ಅದು ಬೇರೆ ಮಾತು.

"ಕಡೆಗೂ ಹೆಂಡತಿಗೇ ಹಾಕಿದ್ರಾ ಮಾರಾಯ್ರೆ?" ಎಂದು ಬಸಯ್ಯನವರನ್ನು ಚುಡಾಯಿಸಿದೆ.

ಅವರು ತಲೆ ತಗ್ಗಿಸಿದರು. "ಎಲ್ಲಿ ಹಾಕಿದ್ನಿ? ಗೇಟ ಬಿಟ್ಟ ಹೋದ್ರ ಮುಚ್ಚತಿದ್ರು. ಹೊತ್ತು ಮುಗದ ಹೋತು."

ಮಲ್ಲಕ್ಕ ಕೇಳಿಸಿಕೊಂಡರು. ಕಣ್ಣು ತುಂಬಿ ಬಂತು. ಅಷ್ಟು ಜನರೆದುರು ಗಂಡನ ಕೈ ಹಿಡಿದುಕೊಂಡರು. ಬಸಯ್ಯ ನಾಚಿ ಬಿಡಿಸಿಕೊಳ್ಳಲು ನೋಡಿದರು. ಮಲ್ಲಕ್ಕ ಬಿಡಲಿಲ್ಲ.