ಅಕ್ಕನ ಹ್ಯಾಂಡಲಿಗೆ ಹಾಡಿನ ಗುಂಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೇಕರಿಯ ಹಿಂಬಾಗಿಲಲ್ಲಿ ನಡುವಯಸ್ಸಿನ ಗಂಡಸೊಬ್ಬರು ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿಕೊಂಡು ಸೈಕಲ್ ಹ್ಯಾಂಡಲ್ ತಡವುತ್ತಿದ್ದಾರೆ. ನೋಡಿದವರು ಏನಂದುಕೊಂಡಾರೋ! ಇವರು ಟಿವಿ ರಿಮೋಟ್ ರಿಪೇರಿಯವರು, ಬೀದಿಯವರ ಬಾಯಲ್ಲಿ ರಿಮೋಟಣ್ಣ. "ತುಳಿಯೋವಾಗ ಕಣ್ಣು ರಸ್ತೆ ಮೇಲಿರಬೇಕು. ಯಾವ ಗುಂಡಿ ಯಾವುದು ಅಂತ ಬೆರಳಿಗೇ ಗೊತ್ತಾಗಬೇಕು" ಎನ್ನುತ್ತಾರೆ, ಕೆಲಸ ನೋಡಲು ಬಂದ ನನಗೆ, ಕಣ್ಣು ತೆರೆಯದೆ.

ಸೈಕಲ್ಲು ಅವರ ಅಕ್ಕನದು. ಅಕ್ಕ ದಿನಾ ಎಪ್ಪತ್ತು ಮನೆಗೆ ಬ್ರೆಡ್ ಹಾಕುತ್ತಾರೆ. ಬುಟ್ಟಿಗೆ ಕಟ್ಟಿದ ಪುಟ್ಟ ಸ್ಪೀಕರಿನಲ್ಲಿ ಹಾಡು ಇರಲೇಬೇಕು. ಹಿಡಿಸದ ಹಾಡನ್ನು ಅರೆಗಳಿಗೆ ಸಹಿಸುವ ಜಾಯಮಾನ ಅವರದಲ್ಲ. ತುಳಿಯುತ್ತಲೇ ಚೀಲಕ್ಕೆ ಕೈ ಹಾಕಿ ಫೋನ್ ಹುಡುಕುತ್ತಿದ್ದರು. ಹೀಗೇ ಒಂದು ದಿನ ಬಿದ್ದು ಮಣಿಕಟ್ಟು ಮುರಿಯಿತು. ಇನ್ನೊಮ್ಮೆ ಮುರಿದರೆ ಈ ಕೈ ಮೊದಲಿನಂತಾಗುವುದಿಲ್ಲ, ಹಾಡು ಬಿಡಿ ಇಲ್ಲವೇ ಸೈಕಲ್ ಬಿಡಿ ಎಂದರು ಡಾಕ್ಟರು. "ಹಾಡಿಲ್ಲದೆ ಆ ಏರು ಹತ್ತೋಕೆ ನಾನೇನು ಎತ್ತಾ?" ಎಂದರು ಅಕ್ಕ. ತಮ್ಮನ ನಿದ್ದೆ ಹಾರಿಹೋಯಿತು.

ಫೋನ್ ಮುಟ್ಟದೆ ಹಾಡು ಬದಲಿಸಲು ಹ್ಯಾಂಡಲಿಗೇ ಒಂದು ರಿಮೋಟ್ ಮಾಡಲು ಕೂತರು. ಮೊದಲನೆಯದರಲ್ಲಿ ಸಾಲಾಗಿ ಹನ್ನೊಂದು ಗುಂಡಿ. "ಇದೇನು ಹಾರ್ಮೋನಿಯಮ್ಮಾ?" ಎಂದು ಅಕ್ಕ ಕಿತ್ತು ಕೈಗಿಟ್ಟರು. ಎರಡನೆಯದರಲ್ಲಿ ಮೂರೇ. ಹಾಡು ನಿಲ್ಲಿಸುವ ಗುಂಡಿ ಕೆಂಪಗೆ, ದಪ್ಪಗೆ, ಹೆಬ್ಬೆರಳಿನ ಕೆಳಗೇ ಇತ್ತು. ಮಲಗಿದವರು ಏಳದಿರಲೆಂದು ಅಕ್ಕ ಪ್ರತಿ ಮನೆಯ ಮುಂದೂ ಅದನ್ನೊತ್ತಿ, ಆಮೇಲೆ ಬ್ರೇಕ್ ಹಿಡಿಯುತ್ತಿದ್ದರು. ಹೆಬ್ಬೆರಳಿಗೆ ರೂಢಿಯಾಗಿಬಿಟ್ಟಿತು. ಒಂದು ಬೆಳಗ್ಗೆ ಇಳಿಜಾರಿನಲ್ಲಿ ನಾಯಿ ಅಡ್ಡ ಬಂದಾಗ ಅವರು ಇದ್ದ ಬಲವೆಲ್ಲ ಹಾಕಿ ಒತ್ತಿದ್ದು ಆ ಕೆಂಪು ಗುಂಡಿಯನ್ನೇ. ಅಕ್ಕ, ಬುಟ್ಟಿ, ಬ್ರೆಡ್ಡು ಎಲ್ಲವೂ ಬೇಲಿಯೊಳಗೆ. ಪುಣ್ಯಕ್ಕೆ ಕೈ ಉಳಿಯಿತು. "ಹಾಡು ಸರಿಯಾಗೇ ನಿಂತಿತಪ್ಪಾ, ನಾನೇ ನಿಲ್ಲಲಿಲ್ಲ" ಎಂದರಂತೆ.

"ತಪ್ಪು ಅವಳದ್ದಲ್ಲ. ನಿಲ್ಲೋಕೆ ಎರಡು ಜಾಗ ಕೊಟ್ಟರೆ ಕೈ ಪಾಪ ಏನು ಮಾಡುತ್ತೆ?" ಎನ್ನುವ ರಿಮೋಟಣ್ಣ ಕೆಂಪು ಗುಂಡಿಯನ್ನೇ ಕಿತ್ತುಹಾಕಿ, ಹಾಡು ಬದಲಿಸುವ ಎರಡನ್ನು ಮಾತ್ರ ಉಳಿಸಿದ್ದಾರೆ. ಈಗ ಬ್ರೇಕಿಗೇ ತಂತಿ ಜೋಡಿಸಿದ್ದಾರೆ. ಬ್ರೇಕ್ ಹಿಡಿದರೆ ಹಾಡು ನಿಲ್ಲುತ್ತದೆ, ಬಿಟ್ಟರೆ ಮುಂದುವರಿಯುತ್ತದೆ.

ಅದರ ಮೊದಲ ಸವಾರಿ ಇವತ್ತು. "ಇದೂ ಕೈಕೊಟ್ಟರೆ ಸುತ್ತಿಗೆ ತಗೊಂಡು ಜಜ್ಜಿಬಿಡ್ತೀನಿ" ಎಂದು ಅಕ್ಕ ಹೊರಡುತ್ತಾರೆ. ತಮ್ಮ ಮೆಟ್ಟಿಲ ಮೇಲೆ ಕೂತು ಕಿವಿಗೊಡುತ್ತಾರೆ. ಹಾಡು ನಿಲ್ಲುತ್ತದೆ, ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. "ಈಗ ಇಳಿಜಾರು" ಎನ್ನುತ್ತಾರೆ ಮೆಲ್ಲಗೆ. ಹಾಡು ಓಡುತ್ತಲೇ ಇದೆ. ಇವರ ಮುಖ ಬಿಳಿಚಿಕೊಳ್ಳುತ್ತದೆ. ಕೊನೆಗೆ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಅವರು ಉಸಿರು ಬಿಡುತ್ತಾರೆ, ನಾನೂ ಬಿಡುತ್ತೇನೆ.

ಬಿಸಿಲೇರುವ ಹೊತ್ತಿಗೆ ಅಕ್ಕ ಖಾಲಿ ಬುಟ್ಟಿಯೊಂದಿಗೆ ಬರುತ್ತಾರೆ, ಯಾರದೋ ಮನೆಯ ಗೇಟಿನ ಚಿಲಕ ಬಿಗಿಯೆಂದು ಬೈಯುತ್ತಾ. ರಿಮೋಟ್ ಹೇಗಿತ್ತು ಎಂದು ನಾನೇ ಕೇಳುತ್ತೇನೆ.

"ಯಾವ ರಿಮೋಟು?" ಎನ್ನುತ್ತಾರೆ. ಆಮೇಲೆ ಹ್ಯಾಂಡಲ್ ನೋಡಿ, "ಓ, ಇದಾ. ಇದೆ ಅನ್ನೋದೇ ಮರೆತುಹೋಗಿತ್ತು" ಎಂದು ಒಳಗೆ ಹೋಗುತ್ತಾರೆ.

ತಮ್ಮನ ಮುಖ ಊರಗಲ. "ಕೇಳಿದ್ರಲ್ಲ? ಮರೆತುಹೋಗಿತ್ತಂತೆ. ನಾನು ಹುಟ್ಟಿದಾಗಿಂದ ಅಕ್ಕ ನನ್ನನ್ನ ಇಷ್ಟು ಹೊಗಳಿಲ್ಲ."