ಚರಿತ್ರೆ ಅಂತ ಹೇಳಿದ್ದು ನಾನು

ನನ್ನ ತಂಗಿ ಕಾಲೇಜಿನಲ್ಲಿ ಗಣಿತ ಕಲಿಯದೆ ಹೋದದ್ದು ನನ್ನಿಂದ. ಸೋದರಮಾವನಿಂದ ಅಲ್ಲ. ನನ್ನ ಬಾಣಂತನಕ್ಕೆ ಮನೆಯಲ್ಲಿ ಒಂದು ಜನ ಬೇಕಿತ್ತು, ಅಷ್ಟಕ್ಕೆ ನಾನೊಂದು ಸುಳ್ಳು ಹೇಳಿದೆ. ನಡೆದದ್ದು ಇಷ್ಟೇ.

ಮನೆಯಲ್ಲಿ ಈಗಲೂ ಮಾವನಿಗೇ ಬೈಯುತ್ತಾರೆ. ಮೊನ್ನೆ ಒಂದು ಮದುವೆಯ ಊಟದಲ್ಲಿ ತಂಗಿಯ ಮಗ ಪಕ್ಕದವನ ಹತ್ತಿರ, "ಆ ಕಾಲದ ಯಜಮಾನರು ಹಾಗೆಯೇ ಮಾರಾಯ, ಅಮ್ಮನಿಗೆ ಗಣಿತ ಕಲಿಯಲು ಬಿಡಲೇ ಇಲ್ಲ" ಅಂತ ಹೇಳುತ್ತಿದ್ದ. ನನ್ನ ಎಲೆಗೆ ಆಗ ಪಾಯಸ ಬಂದಿತ್ತು. ಪಾಯಸ ಉಂಡೆ. ಮನೆಗೆ ಬಂದ ಮೇಲೆ ಇದನ್ನು ಬರೆಯಲು ಕೂತೆ. ನಾನು ಐದನೇ ಕ್ಲಾಸು ಓದಿದವಳು. ನಾವು ಆಡಿದ್ದೆಲ್ಲ ತುಳುವಿನಲ್ಲಿ, ಬರೆಯಲು ಬರುವುದು ಕನ್ನಡ ಮಾತ್ರ. ಹಾಗಾಗಿ ಮಾತುಗಳು ಸ್ವಲ್ಪ ಶಾಲೆಯ ಪುಸ್ತಕದ ಹಾಗೆ ಕೇಳಿಸಬಹುದು.

ನಮ್ಮ ಮನೆ ನಾರಾವಿಯಿಂದ ಈಚೆಗೆ, ಬಸ್ಸಿನ ರಸ್ತೆಯಿಂದ ಗದ್ದೆಯ ಬದುವಿನಲ್ಲಿ ಕಾಲು ಗಂಟೆ ನಡೆಯಬೇಕು. ಅಳಿಯಸಂತಾನದ ಮನೆ. ನಮ್ಮಲ್ಲಿ ತಂದೆಗೆ ಮಕ್ಕಳ ಮೇಲೆ ಪ್ರೀತಿ ಉಂಟು, ಅಧಿಕಾರ ಇಲ್ಲ. ಅಪ್ಪ ಬೆಳ್ತಂಗಡಿಯ ಕಡೆ ತಮ್ಮ ಅಮ್ಮನ ಮನೆಯಲ್ಲಿದ್ದರು, ಬರುವಾಗ ಬೆಲ್ಲದ ಮಿಠಾಯಿ ತರುತ್ತಿದ್ದರು, ನೆಂಟರ ಹಾಗೆ ಉಂಡು ಹೋಗುತ್ತಿದ್ದರು. ಯಜಮಾನರು ಅಂದರೆ ಸೋದರಮಾವ. ಮಾವ ಬಂಟ್ವಾಳ ಪೇಟೆಯಲ್ಲಿ ಹೋಟೆಲು ಇಟ್ಟಿದ್ದರು. ತಿಂಗಳಿಗೊಮ್ಮೆ ಬಂದು ಚಾವಡಿಯಲ್ಲಿ ಕೂತರೆ ಮನೆಯ ಎಲ್ಲ ಸಂಗತಿ ಅಲ್ಲಿ ತೀರ್ಮಾನ ಆಗುತ್ತಿತ್ತು, ಎತ್ತು ಮಾರುವುದರಿಂದ ಹಿಡಿದು ನಮ್ಮ ಮದುವೆಯ ತನಕ.

ಒಂದು ರೂಢಿ ಇತ್ತು. ಮಾವ ಮದುವೆಯಾಗದ ಹುಡುಗಿಯ ಹತ್ತಿರ ನೇರ ಏನನ್ನೂ ಕೇಳುತ್ತಿರಲಿಲ್ಲ. ಅವಳ ಅಕ್ಕನನ್ನು ಕೇಳುವುದು. ಅಕ್ಕ ಹೊಸ್ತಿಲ ಹತ್ತಿರ ಕೂತು ಹೇಳಬೇಕು, ತಂಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳಬೇಕು. ಅಕ್ಕ ಹೇಳಿದ್ದು ತಂಗಿಯದ್ದೇ ಮಾತು ಅಂತ ಲೆಕ್ಕ. ನನ್ನ ಮದುವೆಯ ಮಾತು ಬಂದಾಗ ನನಗೆ ಅಕ್ಕ ಇರಲಿಲ್ಲ, ಅಮ್ಮನೇ ಹೇಳಿದ್ದರು. ಅವರು ಹೇಳಿದ್ದನ್ನು ಕೇಳಿಯೇ ನನಗೆ ಗೊತ್ತಾಯಿತು, ಹುಡುಗ ನನಗೆ ಒಪ್ಪಿಗೆ ಅಂತ.

ತಂಗಿ ನನಗಿಂತ ಎಂಟು ವರ್ಷ ಸಣ್ಣವಳು. ಅವಳಿಗೆ ಲೆಕ್ಕ ಹೇಗೆ ಬಂತೋ ನಮಗೆ ಗೊತ್ತಿಲ್ಲ, ನಮ್ಮ ಕುಟುಂಬದಲ್ಲಿ ಯಾರಿಗೂ ಇರಲಿಲ್ಲ. ಏಳು ವರ್ಷದವಳಿರುವಾಗ ಒಮ್ಮೆ ಅಂಗಳದಲ್ಲಿ ಬೈಹುಲ್ಲು ಸುತ್ತಿ ಅಕ್ಕಿಯ ಮುಡಿ ಕಟ್ಟುತ್ತಿದ್ದರು. ಮುಡಿಗೆ ನಲವತ್ತೆರಡು ಸೇರು, ಅಳೆಯುವ ಮುದುಕ ರಾಗ ಎಳೆದು ಎಣಿಸುತ್ತಾ ಹಾಕುತ್ತಿದ್ದ. ಇವಳು ಒಳಗೆ ಅಡಿಗೆಮನೆಯಲ್ಲಿ ಹಲಸಿನ ಬೀಜ ಸುಲಿಯುತ್ತಾ ಕೂತವಳು ಅಲ್ಲಿಂದಲೇ ಕೂಗಿದಳು, "ಅಜ್ಜ, ಇಪ್ಪತ್ತೇಳು ಎರಡು ಸಲ ಆಯ್ತು."

ಮುದುಕನಿಗೆ ಸಿಟ್ಟು ಬಂತು. "ನೀನು ಹುಟ್ಟುವ ಮೊದಲಿನಿಂದ ಅಳೀತಿದ್ದೇನೆ, ನಿನ್ನ ಅಮ್ಮ ಹುಟ್ಟುವ ಮೊದಲಿನಿಂದ. ನೀನು ಬೀಜ ಸುಲಿ."

ಅಮ್ಮ ಮುಡಿ ಬಿಚ್ಚಿಸಿ ಅಳೆಸಿದರು. ನಲವತ್ತಮೂರು ಸೇರು ಇತ್ತು. ಆ ಮೇಲೆ ಮುದುಕ ಅಳೆಯಲು ಬಂದಾಗಲೆಲ್ಲ, "ತಪಾಸಣೆಯ ಅಮೀನರು ಮನೆಯಲ್ಲಿ ಇದ್ದಾರೋ?" ಅಂತ ಕೇಳಿಯೇ ಕೂರುತ್ತಿದ್ದ.

ದೊಡ್ಡವಳಾದ ಮೇಲೆ ಬಚ್ಚಲಿನ ಗೋಡೆಯ ಮಸಿಯಲ್ಲಿ ಬೆರಳಿನಿಂದ ಏನೇನೋ ಬರೆಯುತ್ತಿದ್ದಳು. ಸ್ನಾನಕ್ಕೆ ಹೋದವರ ಬೆನ್ನಿಗೆಲ್ಲ ಅದರ ಗುರುತು ಅಂಟುತ್ತಿತ್ತು. ಒಂದು ದಿನ ಬೈದೆ. "ಇದರಲ್ಲಿ ಅಂಥಾದ್ದು ಏನುಂಟು ಮಾರಾಯ್ತಿ?"

"ಇದರಲ್ಲಿ ಯಾರನ್ನೂ ಕೇಳಬೇಕಾಗಿಲ್ಲ ಅಕ್ಕ," ಅಂದಳು. "ಸರಿ ಇದ್ದರೆ ಅದೇ ಹೇಳ್ತದೆ. ತಪ್ಪಿದ್ದರೂ ಅದೇ ಹೇಳ್ತದೆ."

ನನಗೆ ಅದು ದೊಡ್ಡ ಮಾತಾಗಿ ಕಾಣಲಿಲ್ಲ. ಗೋಡೆ ತೊಳೆ ಅಂದೆ.

ಹೈಸ್ಕೂಲು ಮುಗಿಸಿದಳು. ಮೂಡುಬಿದಿರೆಯಲ್ಲಿ ಅಪ್ಪನ ಕಡೆಯ ಒಂದು ಮನೆ ಇತ್ತು, ಅಲ್ಲಿ ನಿಂತು ಪಿಯುಸಿಯೂ ಮಾಡಿದಳು. ಗಣಿತದಲ್ಲಿ ಕ್ಲಾಸಿಗೇ ಮೊದಲು. ಅವಳ ಮೇಷ್ಟ್ರು ಮಾವನಿಗೆ ಕಾಗದ ಬರೆದರು, ಈ ಹುಡುಗಿ ಡಿಗ್ರಿಗೆ ಗಣಿತವನ್ನೇ ತೆಗೆದುಕೊಳ್ಳಬೇಕು, ಬೇರೆ ಏನು ಕೊಟ್ಟರೂ ಅದು ಅನ್ಯಾಯ ಅಂತ. ಇದು ಅರವತ್ತನೇ ಇಸವಿ ಕಳೆದ ನಂತರದ ಮಾತು. ನಮ್ಮ ಕಡೆ ಹುಡುಗಿಯರು ಡಿಗ್ರಿ ಅನ್ನುವುದೇ ಅಪರೂಪ. ಗಣಿತ ಅಂದರೆ ಹುಡುಗರೂ ಹೆದರಿ ಬಸ್ಸು ಇಳಿಯುತ್ತಿದ್ದರು.

ಆ ವರ್ಷವೇ ಮೂಡುಬಿದಿರೆಯ ಮನೆಯವರು ಮಂಗಳೂರಿಗೆ ಹೋದರು. ಇನ್ನು ತಂಗಿ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರಬೇಕು. ಅಲ್ಲಿ ತೊಡಕು ಬಂತು. ಆರ್ಟ್ಸಿನವರಿಗೆ ಮಧ್ಯಾಹ್ನಕ್ಕೆ ಕ್ಲಾಸು ಬಿಡುತ್ತದೆ, ಎರಡು ಗಂಟೆಯ ಬಸ್ಸಿಗೆ ಮನೆ. ಗಣಿತ ಬೇಕಾದರೆ ಸಯನ್ಸು, ಸಯನ್ಸಿಗೆ ಮಧ್ಯಾಹ್ನದ ಮೇಲೆ ಪ್ರಾಕ್ಟಿಕಲ್ ಅಂತ ಉಂಟು. ಅದು ಮುಗಿಯುವ ಮೊದಲು ನಾರಾವಿಯ ಕೊನೆಯ ಬಸ್ಸು ಹೊರಟಿರುತ್ತದೆ. ಅಂದರೆ ಗಣಿತ ಬೇಕಾದರೆ ಮೂಡುಬಿದಿರೆಯಲ್ಲೇ ಎಲ್ಲಾದರೂ ನಿಲ್ಲಬೇಕು.

ನಾನು ಆಗ ಏಳು ತಿಂಗಳ ಬಸುರಿ. ಎರಡನೆಯದ್ದು. ಮೊದಲನೆಯದ್ದು ಉಳಿದಿರಲಿಲ್ಲ. ನನ್ನವರು ಬೊಂಬಾಯಿಯಲ್ಲಿ ಹೋಟೆಲಿನ ಕೆಲಸದಲ್ಲಿದ್ದರು, ನಾನು ಅಮ್ಮನ ಮನೆಯಲ್ಲೇ. ಅಮ್ಮ ಅಂಗಳದ ಪಾಚಿಯಲ್ಲಿ ಜಾರಿ ಬಲಗೈ ಮುರಿದುಕೊಂಡು ಆರು ವಾರ ಆಗಿತ್ತು, ಕೈ ಕೂಡಿಬಂದದ್ದು ಓರೆಯಾಗಿ. ಚೊಂಬು ಎತ್ತಿದರೆ ಬೀಳುತ್ತಿತ್ತು. ಇದನ್ನು ನೆಪ ಮಾಡಿಕೊಳ್ಳಲು ಬರೆಯುತ್ತಿಲ್ಲ. ಬಾಣಂತಿ ಮೀಯಿಸಲು ಬರುವ ಹೆಂಗಸು ಊರಲ್ಲಿದ್ದಳು, ಅಪ್ಪನ ತಂಗಿಯನ್ನು ಕರೆದರೆ ಅವರೂ ಬರುತ್ತಿದ್ದರು. ಆದರೆ ನನಗೆ ನನ್ನ ತಂಗಿಯೇ ಬೇಕಿತ್ತು. ಹೇಳಿದ ಕೂಡಲೇ ಎದ್ದು ಮಾಡುವವಳು, ಹೊರಗೆ ಹೋಗಿ ಆಡಿಕೊಳ್ಳದವಳು. ಮೊದಲನೆಯದ್ದು ಹೋದಾಗ ನನ್ನ ಹತ್ತಿರ ಸುಮ್ಮನೆ ಕೂತದ್ದು ಅವಳೊಬ್ಬಳೇ. ಬಾಕಿಯವರೆಲ್ಲ ಬುದ್ಧಿ ಹೇಳಿದರು.

ಹೆದರಿಕೆಯೂ ಇತ್ತು. ಹೊಟ್ಟೆಕಿಚ್ಚೂ ಸ್ವಲ್ಪ ಇತ್ತು, ಇಷ್ಟು ವಯಸ್ಸಾದ ಮೇಲೆ ಅದನ್ನು ಅಡಗಿಸಿ ಏನು ಪ್ರಯೋಜನ. ನನ್ನನ್ನು ಶಾಲೆ ಬಿಡಿಸಿದ್ದೇ ಇವಳನ್ನು ಎತ್ತಿಕೊಳ್ಳಲು.

ಮೇ ತಿಂಗಳ ಕೊನೆಯ ಪತ್ತನಾಜೆಯ ದಿನ ಕಳೆದು, ಮಳೆ ಹಿಡಿದ ಮೇಲೆ ಮಾವ ಬಂದರು. ಕಾಲೇಜಿನ ಫಾರ್ಮು ಅದಕ್ಕೆ ಮೊದಲೇ ಮನೆಗೆ ತಲುಪಿತ್ತು. ತಂಗಿ ಎಲ್ಲವನ್ನೂ ತುಂಬಿಸಿ, ವಿಷಯ ಬರೆಯುವ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದಳು. ಯಜಮಾನರ ಬಾಯಿಂದ ಬರುವ ಮೊದಲು ಬರೆಯುವುದು ಅಧಿಕಪ್ರಸಂಗ ಆಗುತ್ತದೆ. ಹಿಂದಿನ ದಿನವೇ ನನ್ನ ತಲೆ ಬಾಚುತ್ತಾ ಹೇಳಿಟ್ಟಿದ್ದಳು, "ಅಕ್ಕ, ಮಾವ ಕೇಳಿದರೆ ಗಣಿತ ಅಂತ ಹೇಳು. ಬೇರೆ ಏನೂ ಸೇರಿಸಬೇಡ. ನೀನು ಮಾತು ಉದ್ದ ಮಾಡ್ತಿ."

"ಆಯ್ತು ಮಾರಾಯ್ತಿ, ಗಿಡ್ಡ ಮಾಡ್ತೇನೆ," ಅಂದಿದ್ದೆ.

ಮಧ್ಯಾಹ್ನ ಊಟ ಆಗಿ ಮಾವ ಚಾವಡಿಯಲ್ಲಿ ವೀಳ್ಯ ಮಡಚುತ್ತಾ ಕೂತರು. ನಾನು ಹೊಸ್ತಿಲಿನ ಈಚೆಗೆ ಚಾಪೆಯಲ್ಲಿ ಕಾಲು ನೀಡಿ ಕೂತೆ. ತಂಗಿ ಬಾಗಿಲ ಹಿಂದೆ. ಅವಳ ಸೀರೆಯ ಅಂಚು ನನಗೆ ಕಾಣುತ್ತಿತ್ತು.

ಮಾವ ಕೇಳಿದರು, "ಏನು ಮಗಾ, ನಿನ್ನ ತಂಗಿಗೆ ಮುಂದೆ ಏನು ಮನಸ್ಸುಂಟು? ಮೇಷ್ಟ್ರು ಏನೋ ಕಾಗದ ಹಾಕಿದ್ದಾರೆ."

ನಾನು ಹೇಳಿದೆ, "ಅವಳಿಗೆ ಲೆಕ್ಕ ಸಾಕಾಗಿದೆಯಂತೆ ಮಾವ. ತಲೆನೋವು ಬರ್ತದಂತೆ. ಚರಿತ್ರೆ ತಗೊಳ್ತಾಳಂತೆ. ಮಧ್ಯಾಹ್ನ ಮನೆಗೆ ಬರಲಿಕ್ಕೂ ಆಗ್ತದೆ."

ಮಾವ ವೀಳ್ಯವನ್ನು ಬಾಯಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದರು. "ಹೌದಾ? ನಾನು ಲೆಕ್ಕವೇ ಅಂತ ಗ್ರಹಿಸಿದ್ದೆ. ಹೋಟೆಲಿಗೆ ಬರುವ ವಕೀಲರ ಹತ್ತಿರ ಮಾತಾಡಿಯೇ ಬಂದದ್ದು. ಮೂಡುಬಿದಿರೆಯಲ್ಲಿ ಅವರ ಅಕ್ಕನ ಮನೆ ಉಂಟು, ಒಂದು ಕೋಣೆ ಬಿಟ್ಟುಕೊಡ್ತಾರಂತೆ. ಒಳ್ಳೆ ಜನ."

ಇದು ನನಗೆ ಗೊತ್ತಿರಲಿಲ್ಲ. ಮಾವ ಬೇಡ ಅನ್ನಬಹುದು, ಆಗ ನನ್ನ ಮಾತು ಆ ಬೇಡದ ಒಳಗೆ ಮುಳುಗಿ ಹೋಗುತ್ತದೆ ಅಂತ ನಾನು ಒಳಗೊಳಗೆ ನಂಬಿದ್ದೆ. ಅವರು ಹೂಂ ಅನ್ನಲು ತಯಾರಾಗಿಯೇ ಬಂದಿದ್ದರು. ಆಗ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. "ಇಲ್ಲ ಮಾವ, ನಾನು ತಪ್ಪಿ ಹೇಳಿದೆ" ಅಂತ ಹೇಳಲು ಎಷ್ಟು ಉಸಿರು ಬೇಕು?

"ಚರಿತ್ರೆಯೇ ಮಾವ," ಅಂದೆ.

ಮಾವ ಬಾಗಿಲಿನ ಕಡೆ ಒಮ್ಮೆ ನೋಡಿದರು. ಯಾವತ್ತೂ ಹಾಗೆ ನೋಡುವವರಲ್ಲ. ಸೀರೆಯ ಅಂಚು ಅಲುಗಲಿಲ್ಲ. "ಆಯ್ತು. ಕಲಿಯುವವಳು ಅವಳಲ್ವಾ. ಬರೆಯಲಿ, ನಾನು ನಾಳೆ ಬೆಳಿಗ್ಗೆಯ ಬಸ್ಸಿಗೆ ಹೋಗುವಾಗ ಕಾಲೇಜಿನಲ್ಲಿ ಕೊಟ್ಟು ಹೋಗ್ತೇನೆ," ಅಂದರು. ತಂಗಿ ಒಳಗೆ ಬರೆದಳು. ಮಾವ ರುಜು ಹಾಕಿದರು.

ಸಂಜೆ ದೀಪ ಹೊತ್ತಿಸುವ ಮೊದಲು ತಂಗಿ ನನ್ನ ಕಾಲಿಗೆ ಎಣ್ಣೆ ಹಚ್ಚಲು ಬಂದಳು. ನನ್ನ ಕಾಲು ಬಾತಿತ್ತು, ದಿನಾ ಹಚ್ಚುತ್ತಿದ್ದಳು. ನಾನೇ ಕೇಳಿದೆ, "ಯಾಕೆ ನೀನು ಮಾತಾಡಲಿಲ್ಲ?"

"ನೀನು ಬಸುರಿ," ಅಂದಳು. "ಬಸುರಿ ಕೇಳಿದ್ದಕ್ಕೆ ಇಲ್ಲ ಅಂದರೆ ಹುಟ್ಟುವ ಮಗುವಿನ ಕಿವಿ ಸೋರ್ತದಂತೆ."

"ಅದನ್ನೆಲ್ಲ ನಂಬ್ತಿಯಾ ನೀನು? ಕಾಲೇಜು ಕಲಿತವಳು."

"ನಂಬುವುದಿಲ್ಲ. ನೀನು ನಂಬ್ತಿಯಲ್ಲ." ಇನ್ನೊಂದು ಕಾಲು ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ನಾಳೆ ಏನಾದರೂ ಆದರೆ ನಾನು ಅಡ್ಡ ಹೇಳಿದ್ದಕ್ಕೇ ಆಯ್ತು ಅಂತ ನೀನು ಜೀವ ಇರುವ ತನಕ ಎಣಿಸ್ತಿ. ಹೇಳುವುದಾದರೆ ನೀನೇ ಹೇಳಬೇಕು ಅಕ್ಕ. ಮಾವ ನಾಳೆ ಬೆಳಿಗ್ಗೆಯ ತನಕ ಇಲ್ಲೇ ಇದ್ದಾರೆ."

ಅಷ್ಟು ಹೇಳಿ ಎಣ್ಣೆಯ ಬಟ್ಟಲು ತೆಗೆದುಕೊಂಡು ಹೋದಳು. ಅಳಲಿಲ್ಲ. ಅತ್ತಿದ್ದರೆ ನಾನು ಹೇಳುತ್ತಿದ್ದೆನೋ ಏನೋ, ಅಥವಾ ಅದೂ ನಾನು ಈಗ ಮಾಡಿಕೊಳ್ಳುವ ಸಮಾಧಾನ.

ಮಗು ಆಯಿತು, ಹೆಣ್ಣು. ಅದರ ಕಿವಿ ಎರಡು ಮಳೆಗಾಲ ಸೋರಿತು, ಬಸುರಿಯ ಮಾತು ನಡೆಸಿಕೊಟ್ಟೂ ಸೋರಿತು. ತಂಗಿ ಎರಡು ಗಂಟೆಯ ಬಸ್ಸಿಗೆ ಬಂದು, ಪುಸ್ತಕ ಇಟ್ಟು, ಮಗುವಿನ ಬಟ್ಟೆಯ ರಾಶಿ ಎತ್ತಿಕೊಂಡು ಒಗೆಯಲು ತೋಡಿಗೆ ಹೋಗುತ್ತಿದ್ದಳು. ನನ್ನ ಬಾಣಂತನ ನಲವತ್ತು ದಿನ. ಅದಕ್ಕೆ ಅವಳಿಂದ ನಾನು ತೆಗೆದುಕೊಂಡದ್ದು ಮೂರು ವರ್ಷ, ಆಮೇಲಿನದ್ದೂ ಸೇರಿದರೆ ಬಾಕಿ ಆಯುಷ್ಯ. ಬಿ.ಎ. ಸಾಧಾರಣ ಪಾಸಾಯಿತು. ರಾಜರುಗಳ ಹೆಸರು ಅವಳಿಗೆ ಒಂದಕ್ಕೊಂದು ಕಲಸಿಹೋಗುತ್ತಿತ್ತು, ಇಸವಿ ಮಾತ್ರ ತಪ್ಪುತ್ತಿರಲಿಲ್ಲ. ಯಾವ ಇಸವಿ ಯಾವುದರಿಂದ ಭಾಗ ಹೋಗುತ್ತದೆ ಅಂತ ಮಗುವನ್ನು ತೂಗುತ್ತಾ ಹೇಳುತ್ತಿದ್ದಳು. ಅವಳನ್ನು ಚಾರ್ಮಾಡಿಯ ಕಡೆ ಮದುವೆ ಮಾಡಿ ಕೊಟ್ಟೆವು. ಅಲ್ಲಿ ಅವಳು ಬಚ್ಚಲಿನ ಗೋಡೆಯಲ್ಲಿ ಬರೆದದ್ದನ್ನು ನಾನು ನೋಡಲಿಲ್ಲ. ಎರಡು ಮೂರು ಸಲ ಹೋದಾಗ ಬೇಕೆಂದೇ ಒಳಗೆ ಹೋಗಿ ನೋಡಿದ್ದೆ, ಮಸಿ ಮಸಿಯಾಗಿಯೇ ಇತ್ತು.

ಮಾವ ಬಿಡಲಿಲ್ಲ ಅಂತ ತನ್ನ ಮಕ್ಕಳಿಗೆ ಹೇಳಿದ್ದು ಅವಳೇ. ಆಗ ಮಾವ ತೀರಿಹೋಗಿದ್ದರು. ನಾನು ಅಲ್ಲೇ ಕೂತಿದ್ದೆ, ಅವಳು ನನ್ನ ಮುಖ ನೋಡದೆ ಹೇಳಿದಳು. ನನ್ನನ್ನು ಉಳಿಸಲು ಹೇಳಿದಳೋ, ನನಗೆ ಚುಚ್ಚಲು ಹೇಳಿದಳೋ, ಕೇಳಬೇಕು ಅಂತ ಇದ್ದೆ. ಈಗ ಅವಳೂ ಇಲ್ಲ. ನನ್ನನ್ನು ನಂಬಿ ಹೊಸ್ತಿಲಲ್ಲಿ ಕೂರಿಸಿದ ಮಾವನ ಹೆಸರು ಹಾಳಾಯಿತು, ಆ ಒಳ್ಳೆ ಮನುಷ್ಯನಿಗೆ ಅದು ಗೊತ್ತೂ ಆಗಲಿಲ್ಲ.

ಇನ್ನು ಉಳಿದದ್ದು ಆ ಮರುದಿನದ ಬೆಳಿಗ್ಗೆ. ತಂಗಿ ಹೇಳಿದ ಬೆಳಿಗ್ಗೆ.

ನಾನು ಎಲ್ಲರಿಗಿಂತ ಮೊದಲು ಎದ್ದೆ. ಮಾವ ಮುಖ ತೊಳೆದು ಬಂದು ಚಾವಡಿಯಲ್ಲಿ ಕೂತು ಕಾಫಿ ಕುಡಿದರು. ತಂಗಿ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು, ತಂಬಿಗೆಗೆ ಹಾಲು ಬೀಳುವ ಶಬ್ದ ಅಲ್ಲಿಯ ತನಕ ಕೇಳುತ್ತಿತ್ತು. ಮಾವ ಫಾರ್ಮು ಕೈಗೆ ತೆಗೆದುಕೊಂಡು, "ಮಗಾ, ಮತ್ತೆ ಏನಾದರೂ ಹೇಳಲಿಕ್ಕುಂಟಾ?" ಅಂತ ಕೇಳಿದರು.

ಹೊರಗೆ ಮಳೆ ಹನಿಯುತ್ತಿತ್ತು. "ಕಾಗದ ಒದ್ದೆಯಾದೀತು ಮಾವ," ಅಂದೆ. ಒಳಗೆ ಹೋಗಿ, ಹುಟ್ಟುವ ಮಗುವನ್ನು ಮಲಗಿಸಲು ತರಿಸಿಟ್ಟಿದ್ದ ಮೇಣಬಟ್ಟೆಯಿಂದ ಒಂದು ತುಂಡು ಕತ್ತರಿಸಿ ತಂದೆ. ಫಾರ್ಮನ್ನು ಎರಡು ಮಡಿಕೆ ಮಾಡಿ, ಅದರಲ್ಲಿ ಸುತ್ತಿ, ಬಾಳೆಯ ನಾರಿನಿಂದ ಬಿಗಿಯಾಗಿ ಕಟ್ಟಿ ಮಾವನ ಕೈಗೆ ಕೊಟ್ಟೆ.