ಸಮುದ್ರದ ವಾಸನೆಯ ಚೀಟಿ

ಮೊನ್ನೆ ಅಂಗಿ ತೊಳೆಯಲು ಹಾಕುವಾಗ ಜೇಬಿನಿಂದ ಒಂದು ಬಿಳಿ ಚೀಟಿ ಬಿತ್ತು. ಬೆರಳಗಲದ್ದು, ಮೇಲೆ ಚಂದದ ಅಕ್ಷರದಲ್ಲಿ 'ಸಮುದ್ರ' ಎಂದು ಅಚ್ಚಾಗಿತ್ತು. ಮೂಸಿ ನೋಡಿದೆ. ಸಮುದ್ರ ಹೋಗಲಿ, ನಮ್ಮ ಬಾವಿಯ ವಾಸನೆಯೂ ಇರಲಿಲ್ಲ.

ನಗಬೇಡಿ, ಇದು ಸಂಗೀತ. ಹೋದ ವಾರ ಹೊನ್ನಾವರದ ಬಂದರಿನ ಬದಿಯ ಸಭಾಭವನದಲ್ಲಿ ದೊಡ್ಡ ಊರಿನ ಸಂಗೀತಗಾರರೊಬ್ಬರು ತಮ್ಮ 'ಪರಿಮಳ ರಚನೆ'ಗಳನ್ನು ನುಡಿಸಿದರು. ಒಂದು ಸಿತಾರ್, ಪಿಟೀಲಿನ ದೊಡ್ಡಣ್ಣನಂಥ ಒಂದು ಚೆಲ್ಲೊ, ಒಂದು ಲ್ಯಾಪ್‌ಟಾಪ್. ಪ್ರತಿ ರಚನೆಗೂ ಮೊದಲು ಅತ್ತರು ಹಚ್ಚಿದ ಚೀಟಿ ಹಂಚುತ್ತಾರೆ; ಅದನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಕೇಳಬೇಕು. ಭಟ್ಕಳ ಮಲ್ಲಿಗೆಯ ಚೀಟಿ ಮದುವೆಮನೆಯ ಪನ್ನೀರಿನಂತಿತ್ತು, ಸುರಗಿ ಹೂವಿನದು ಲಾಡ್ಜಿನ ಸೋಪಿನಂತೆ. ಇನ್ನು ಸಂಗೀತವೋ, ಚೆಲ್ಲೊ ಒಮ್ಮೆ ನರಳುವುದು, ಸಿತಾರ್ ಅದನ್ನು ಕೇಳಿಸಿಕೊಂಡು ತುಸು ಹೊತ್ತು ಯೋಚಿಸುವುದು. ಕುಮಟೆಯಿಂದ ಬಂದಿದ್ದ ನಿವೃತ್ತ ಪ್ರಾಂಶುಪಾಲರು ಚೀಟಿ ಹಿಡಿದುಕೊಂಡೇ ನಿದ್ದೆಹೋಗಿದ್ದರು. ನಾನು ಸಂಘಟಕರಲ್ಲಿ ಒಬ್ಬ, ಹಾಗಾಗಿ ತಲೆದೂಗಬೇಕಾಯಿತು.

ಸಂಗೀತದಲ್ಲಿ ನಾನು ಕಲಿತದ್ದು ತಲೆದೂಗುವುದೊಂದೇ. ಹನ್ನೆರಡನೆಯ ವಯಸ್ಸಿಗೆ ಅಪ್ಪ ನನ್ನನ್ನು ಪೇಟಿ ಮಾಸ್ತರರ ಬಳಿ ಸೇರಿಸಿದ್ದರು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಪಾಠದಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಮಾವಿನಕುರ್ವೆಯ ಮಾದೇವಿ, ಮೀನುಗಾರರ ಮನೆಯ ಹುಡುಗಿ, ನನ್ನದೇ ವಯಸ್ಸು. ಅವಳು ಸಾ ಹಚ್ಚಿದರೆ ಮಾಸ್ತರರು ಪೇಟಿ ನಿಲ್ಲಿಸಿ ಕೇಳುತ್ತಿದ್ದರು. ನನ್ನ ಸಾ ಯಾವ ಸ್ವರಕ್ಕೂ ಸೇರದೆ ಅಲೆಯುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ನೆಲ ಸಿಗಲಿಲ್ಲ, ಮಾದೇವಿ ಸಿಕ್ಕಳು.

"ಮಾಸ್ತರೇ, ಇವಳ ಹತ್ರ ಮೀನು ವಾಸ್ನೆ ಬತ್ತದೆ," ಎಂದೆ ಒಂದು ದಿನ. "ನಂಗೆ ಶ್ರುತಿ ಸಿಗೂದಿಲ್ಲ."

ಮಾಸ್ತರರು ಒಳ್ಳೆಯವರೇ. ಆದರೆ ನಮ್ಮ ಅಪ್ಪ ಊರಿಗೆ ದೊಡ್ಡವರು. ಪೇಟಿಯ ತಿದಿ ಮುಚ್ಚಿದರು. ಆಮೇಲೆ, "ಮಾದೇವಿ, ನೀನು ಜಗುಲಿ ಮೇಲೆ ಕೂತ್ಕೊ ಮಗಾ, ಅಲ್ಲಿಗೂ ಕೇಳ್ತದೆ," ಎಂದರು.

ಅವಳು ಅಂದು ತಂದಿದ್ದ ಸುರಗಿಯ ಸರ ಪೇಟಿಯ ಮೇಲೇ ಇತ್ತು. ಒಣಗಿದ ಮೇಲೂ ಸುರಗಿಯ ಪರಿಮಳ ಹೋಗುವುದಿಲ್ಲ, ನಿಮಗೆ ಗೊತ್ತಲ್ಲ. ಹೂವನ್ನು ಒಳಗಿಟ್ಟುಕೊಂಡು ಹುಡುಗಿಯನ್ನು ಹೊರಗೆ ಕೂರಿಸಿದೆವು. ಎರಡು ವಾರ ಜಗುಲಿಯಿಂದ ಹಾಡಿದಳು, ಆಮೇಲೆ ಬರಲಿಲ್ಲ. ನಾನು ಮತ್ತೆ ನಾಲ್ಕು ವರ್ಷ ಕಲಿತೆ.

ಸಭಾಭವನಕ್ಕೆ ಬರೋಣ. "ನಿಸರ್ಗಕ್ಕೆ ನಮ್ಮ ಮನಸ್ಸಿನ ಕಿಟಕಿಗಳನ್ನು ತೆರೆಯೋಣ" ಎಂದು ಭಾಷಣದಲ್ಲಿ ಹೇಳಿದ್ದ ಸಂಗೀತಗಾರರು, ಕೊನೆಯ ರಚನೆ 'ಸಮುದ್ರ'ಕ್ಕೆ ಬಂದಾಗ ಮೂಗು ಸಿಂಡರಿಸಿದರು. ಪಕ್ಕದ ಬಯಲಿನಲ್ಲಿ ಮೀನು ಒಣಹಾಕಿದ್ದರು. ಸಂಜೆಗಾಳಿ ಒಳಕ್ಕೆ ಬೀಸುತ್ತಿತ್ತು.

"ಯಾರಾದ್ರೂ ಆ ಕಿಟಕಿ ಮುಚ್ತೀರಾ, ಪ್ಲೀಸ್? ಸಮುದ್ರದ ಫೀಲ್ ಹಾಳಾಗ್ತಿದೆ."

ನಿಜವಾದ ಸಮುದ್ರವನ್ನು ಹೊರಹಾಕಿ ಸೀಸೆಯ ಸಮುದ್ರ ಮೂಸಿಸುವ ಇಂಥವರಿಗೆ ಹಾರ ಹಾಕಿ ಕರೆತಂದವರು ನಾವೇ. ಎದ್ದು ಹೋದೆ. ಕಿಟಕಿಯ ಆಚೆ, ಚೌಕಟ್ಟಿಗೆ ಕೈಯೂರಿ, ಸೊಂಟದಲ್ಲಿ ಒಣಮೀನಿನ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ಕೇಳುತ್ತ ನಿಂತಿದ್ದಳು. ತಲೆ ನೆರೆತಿತ್ತು. ನಾನು ಗುರುತು ಹಿಡಿಯುವ ಮೊದಲೇ ಅವಳು ಹಿಡಿದಳು. ಸಿಟ್ಟಿಲ್ಲದ, ಸಣ್ಣ ನಗುವಿತ್ತು ಮುಖದಲ್ಲಿ.

"ಹಾಕು ಮಾರಾಯಾ," ಎಂದಳು ಮಾದೇವಿ, ಚೌಕಟ್ಟಿನಿಂದ ಕೈ ತೆಗೆದು. "ಇಲ್ದಿದ್ರೆ ನಿಂಗೆ ಶ್ರುತಿ ಸಿಗೂದಿಲ್ಲ."

ನಾನು ಹಾಕಿದೆ. ಹಿಂದಿನಿಂದ ಸಂಗೀತಗಾರರು ನೋಡುತ್ತಿದ್ದರು, ಅದಕ್ಕೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ. ಅವರ ಮೇಲೆ ಇಷ್ಟು ಹೊತ್ತು ಮಾಡಿದ ತಾತ್ಸಾರವನ್ನೆಲ್ಲ ನಾನೇ ಇಟ್ಟುಕೊಳ್ಳಬೇಕು.

ಅಂಗಿಯನ್ನು ಬಕೇಟಿಗೆ ಹಾಕಿ, ಚೀಟಿಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಮೆಲ್ಲಗೆ ಸಾ ಹಚ್ಚಿದೆ. ಮೀನಿನ ವಾಸನೆಯ ಸುಳಿವೂ ಇಲ್ಲ. ಸ್ವರ ಮಾತ್ರ ಹಿಂದಿನಂತೆಯೇ ಜಾರಿತು. ದೂರು ಹೇಳಲು ಈ ಸಲ ಪಕ್ಕದಲ್ಲಿ ಯಾರೂ ಇರಲಿಲ್ಲ.